ಬೇವಿನ ಬುಡದ ರುಬ್ಬುಗುಂಡು

ಮೆಂತ್ಯ ಮರೆತಿದ್ದೇ ತಪ್ಪಾಯಿತು.

ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಮಾಧವರಾಯರು ಕತ್ರಿಗುಪ್ಪೆಯ ಫ್ಲ್ಯಾಟಿಗೆ ಬೀಗ ಹಾಕಿ, ಬೇಗೂರಿನ ತಮ್ಮ ಸೈಟಿನಲ್ಲಿ ಹಲಗೆ, ತಗಡು ಸೇರಿಸಿ ಸ್ವಂತ ಕೈಯಿಂದ ಒಂದು ಕೋಣೆ ಕಟ್ಟಿಕೊಂಡು ಮೂರು ತಿಂಗಳಾಗಿತ್ತು. ಕರೆಂಟಿಲ್ಲ, ನಲ್ಲಿಯಿಲ್ಲ. ಮಳೆನೀರಿಗೆ ಒಂದು ಡ್ರಮ್ಮು, ಬೆಳಕಿಗೆ ಒಂದು ಸೋಲಾರ್ ದೀಪ. ಜೀವಮಾನವೆಲ್ಲ ಮಕ್ಕಳಿಗೆ ನೆಟ್ಟಗೆ ಗೆರೆ ಎಳೆಯಲು ಕಲಿಸಿದವರು ಕಟ್ಟಿದ ಗೋಡೆ ಮಾತ್ರ ಬಸ್ಸಿನಲ್ಲಿ ತೂಕಡಿಸುವವನ ಹಾಗೆ ಪಕ್ಕಕ್ಕೆ ವಾಲಿತ್ತು.

ಇಂಥ ಮನೆ ಬೇಕೆಂದಿದ್ದವರು ಹೆಂಡತಿ ಹಂಸಾ. "ಮಿಕ್ಸಿ, ಮೋಟರು, ಟಿವಿ ಏನೂ ಬೇಡ ರೀ. ನನ್ನ ಒರಳುಕಲ್ಲೊಂದು ಇದ್ರೆ ಸಾಕು" ಎನ್ನುತ್ತಿದ್ದರು. ರಾಯರು "ನೋಡೋಣ" ಎನ್ನುತ್ತಲೇ ಮೂವತ್ತು ವರ್ಷ ಕಳೆದರು. ಆಕೆ ಹೋದ ಮೇಲೆ ಕಟ್ಟಿದರು. ಆ ಸಂಕಟ ಅವರನ್ನು ದಿನವೂ ತಿನ್ನುತ್ತಿತ್ತು. ಆಕೆಯ ಒರಳಿನ ಜೊತೆ ಕೊನೆತನಕ ಇಲ್ಲೇ ಇದ್ದುಬಿಡಬೇಕು, ಅಷ್ಟೇ ಅವರ ಆಸೆ.

ಆ ಶುಕ್ರವಾರ ಬೆಳಿಗ್ಗೆ ದೋಸೆಗೆ ರುಬ್ಬಲೆಂದು ಒರಳಿನ ಗುಂಡನ್ನು ತೊಳೆದು, ಒಣಗಲು ಬೇವಿನ ಮರದ ಬುಡದಲ್ಲಿ ನೆಟ್ಟಗೆ ನಿಲ್ಲಿಸಿದರು. ಆಮೇಲೆ ಮೆಂತ್ಯ ನೆನೆಸಿಲ್ಲವೆಂದು ನೆನಪಾಗಿ, ಡಬ್ಬಿಯೂ ಖಾಲಿಯಿದ್ದದ್ದರಿಂದ ಅಂಗಡಿಗೆ ಓಡಿದರು.

ಬರುವಷ್ಟರಲ್ಲಿ ಕಲ್ಲಿಗೆ ಅರಿಶಿನ, ಕುಂಕುಮ, ಸೇವಂತಿಗೆ. ಎದುರಿಗೆ ಪಕ್ಕದ ಮನೆಯ ಗೌರಮ್ಮ ಕಣ್ಣು ಮುಚ್ಚಿ ನಿಂತಿದ್ದರು.

"ಗೌರಮ್ನೋರೇ, ಅದು ರುಬ್ಬೋ ಗುಂಡು!"

"ಹಂಗನ್ಬೇಡಿ ಸಾರ್, ತಪ್ಪಾಗುತ್ತೆ. ತಾಯಿ ತಾನಾಗೇ ಎದ್ದವ್ಳೆ."

"ನಾನೇ ರೀ ನಿಲ್ಸಿದ್ದು!"

"ನಿಮ್ ಕೈಲಿ ನಿಲ್ಸವ್ಳೆ."

ರಾಯರು ಕಲ್ಲೆತ್ತಲು ಬಗ್ಗಿದರು. ಸೊಂಟ ಹಿಡಿದುಕೊಂಡಿತು. ಹಿಂದಿನಿಂದ ಬಂದ ಇಬ್ಬರು ಹೆಂಗಸರು "ಮೇಷ್ಟ್ರೇ ಅಡ್ಡಬೀಳ್ತಾವ್ರೆ!" ಎಂದು ತಾವೂ ಅಡ್ಡಬಿದ್ದರು.

ಮಧ್ಯಾಹ್ನಕ್ಕೆ ಗೌರಮ್ಮನ ಗಂಡ ಚಿಕ್ಕಬೈರಪ್ಪನವರು ಶಾಮಿಯಾನ ಹಾಕಿಸಿದರು. ತಮ್ಮ ಮನೆಯಿಂದ ವೈರ್ ಎಳೆದು ಕೋಣೆಯೊಳಗೆ ಟ್ಯೂಬ್‌ಲೈಟ್ ಕಟ್ಟಿಸಿದರು.

"ನಾಳೆ ತಾಯಿ ಒಳಗೆ ಬಂದ್ರೆ ಕತ್ಲಲ್ಲಿ ಇರಬಾರ್ದು ಸಾರ್."

"ಅಲ್ಲಿ ಇರೋದು ನಾನು ಕಣ್ರೀ!"

"ನೀವೂ ಇರಿ, ಯಾರು ಬೇಡ ಅಂದ್ರು?"

ಸಂಜೆಯ ಹೊತ್ತಿಗೆ ಭಕ್ತರ ಸಾಲು ರಸ್ತೆ ತನಕ ಬೆಳೆದಿತ್ತು. ರಾಯರಿಗೆ ತಡೆಯಲಾಗಲಿಲ್ಲ. ಕುರ್ಚಿ ಹತ್ತಿ ನಿಂತರು.

"ಎಲ್ರೂ ಕೇಳಿ! ಅದು ದೇವರಲ್ಲ. ನನ್ನ ಹೆಂಡ್ತಿ ಹಂಸಾ ರುಬ್ತಿದ್ದ ಕಲ್ಲು. ಅವಳು ಹೋಗಿ ಹತ್ತು ತಿಂಗಳಾಯ್ತು. ನನಗೆ ಉಳಿದಿರೋದು ಇದೊಂದೇ. ದಯವಿಟ್ಟು ಬಿಟ್ಬಿಡಿ."

ಗದ್ದಲ ನಿಂತಿತು. ಕೆಲವರು ಕಣ್ಣೊರೆಸಿಕೊಂಡರು. ಶಾಮಿಯಾನದವನು ಹಗ್ಗ ಬಿಚ್ಚತೊಡಗಿದ. ಸದ್ಯ, ಬದುಕಿದೆ ಎಂದುಕೊಂಡರು ರಾಯರು.

ಗೌರಮ್ಮ ಮೆಲ್ಲಗೆ ಕೇಳಿದರು. "ಅಂದ್ರೆ ಮುತ್ತೈದೆಯಾಗೇ ಹೋದ್ರಾ, ಸಾರ್?"

"ಹೂಂ. ನಾನಿನ್ನೂ ಇದೀನಲ್ಲ."

"ಅಯ್ಯೋ ನನ್ನವ್ವಾ! ಮುತ್ತೈದೆ ಸಾವು! ಹಂಸಮ್ಮ ತಾಯಿ!"

ಅಲ್ಲಿಯವರೆಗೆ ಅನುಮಾನದಿಂದ ದೂರ ನಿಂತಿದ್ದ ಗಂಡಸರೂ ಚಪ್ಪಲಿ ಬಿಟ್ಟು ಬಂದರು. ಶಾಮಿಯಾನದ ಹಗ್ಗ ಮತ್ತೆ ಬಿಗಿಯಾಯಿತು. ತಾಯಿಯನ್ನು ಒಳಗೇ ಕೂರಿಸುವುದೆಂದು ತೀರ್ಮಾನವಾಗಿ, ರಾಯರ ಹಾಸಿಗೆ, ಸ್ಟವ್, ಪಾತ್ರೆಗಳು ಒಂದೊಂದಾಗಿ ಹೊರಗೆ ಬಂದವು.

ರಾಯರು ಸೋತುಹೋದರು. ಜಗಳಕ್ಕೆ ಶಕ್ತಿ ಉಳಿದಿರಲಿಲ್ಲ. "ಆಯ್ತು, ನಾನೇ ಎತ್ತಿ ಇಡ್ತೀನಿ" ಎಂದು ಕೈ ಚಾಚಿದರು.

ಚಿಕ್ಕಬೈರಪ್ಪನವರು ಆ ಕೈ ಹಿಡಿದುಕೊಂಡರು. ಅವರ ದನಿಯಲ್ಲಿ ನಿಜವಾದ ಮರುಕವಿತ್ತು.

"ನೀವು ಮುಟ್ಟಂಗಿಲ್ಲ ಸಾರ್. ಮುತ್ತೈದೆ ತಾಯಿನ ದಂಪತಿಗಳೇ ಮುಟ್ಬೇಕು. ನಿಮಗೆ ಹೆಂಡ್ತಿ ಇಲ್ವಲ್ಲ."

ಗಂಡ ಹೆಂಡತಿ ಇಬ್ಬರೂ ಸೇರಿ ಕಲ್ಲನ್ನೆತ್ತಿಕೊಂಡು ಒಳಗೆ ನಡೆದರು. ರಾಯರು ಹೊರಗೆ, ತಮ್ಮ ಹಾಸಿಗೆಯ ಪಕ್ಕದಲ್ಲಿ, ಎಲ್ಲರ ಜೊತೆ ಕೈಮುಗಿದು ನಿಂತರು.