ಆಂಪ್ಲಿಫೈಯರಿಗೊಂದು ಕಬ್ಬಿಣದ ಮನೆ

ನಮ್ಮ ಸೋದರಮಾವನಿಗೆ ಯಾವುದಾದರೂ ವಸ್ತು ಇಷ್ಟವಾಯಿತೋ, ಅದರ ಕಥೆ ಮುಗಿಯಿತು! ಮರುದಿನವೇ ಅದು ಕಬ್ಬಿಣದ ಪೆಟ್ಟಿಗೆಯೊಳಗೆ. ಕೊಟ್ಟೂರಿನಲ್ಲಿ ಟ್ರಂಕು ಮಾಡುವುದು ಅವನ ಕಸುಬು. ಮದುಮಕ್ಕಳಿಗೆ ಟ್ರಂಕು ಮಾಡಿ ಮಾಡಿ, ಭೂಮಿಯ ಮೇಲಿನ ಸಕಲ ವಸ್ತುವಿಗೂ ಒಂದು ಕದ, ಒಂದು ಬೀಗ ಬೇಕು ಎಂಬ ತೀರ್ಮಾನಕ್ಕೆ ಬಂದುಬಿಟ್ಟಿದ್ದ.

ಎಪ್ಪತ್ತರ ದಶಕದಲ್ಲಿ ಮನೆಗೆ ಟ್ರಾನ್ಸಿಸ್ಟರ್ ಬಂತು. ಧೂಳು, ಹಲ್ಲಿ, ನೆರೆಮನೆಯವರ ಕಣ್ಣು; ಇಷ್ಟು ಶತ್ರುಗಳಿರುವಾಗ ಅದನ್ನು ಬರಿಮೈಯಲ್ಲಿ ಬಿಡುವುದುಂಟೇ? ಮಾವ ಸುತ್ತಲೂ ತಗಡು ಹೊಡೆದ. ಕದ ತೆರೆದರೆ ವಾರ್ತೆ, ಮುಚ್ಚಿದರೆ ಗಪ್‌ಚಿಪ್! ರೇಡಿಯೋ ಅಲೆ ಕಬ್ಬಿಣ ದಾಟುವುದಿಲ್ಲವೆಂದು ಅವನಿಗೇನು ಗೊತ್ತು?

"ನೋಡಲೇ, ಎಷ್ಟು ಭದ್ರ ಐತಿ! ಸುದ್ದೀನೂ ಒಳಗ ಹೋಗವಲ್ದು," ಎಂದು ಬೀಗಿದ.

"ಹಂಗಾರ ನೀವೂ ಒಳಗ ಕುಂತು ಕೇಳ್ರಿ," ಎಂದಳು ಅತ್ತೆ.

ಅಪ್ಪ ತೀರಿಕೊಂಡ ಮೇಲೆ ಅವ್ವ, ನಾನು ಇದ್ದದ್ದು ಈ ಮಾವನ ಮನೆಯಲ್ಲೇ. ಎಸ್ಸೆಸ್ಸೆಲ್ಸಿಯಲ್ಲಿ ನಾನು ಡುಮ್ಕಿ ಹೊಡೆದೆ. ಮದುವೆಗಳಿಗೆ ಮೈಕ್‌ಸೆಟ್ ಬಾಡಿಗೆ ಕೊಡೋಣವೆಂದು ಹಳೆಯದೊಂದು ಆಂಪ್ಲಿಫೈಯರ್ ತಂದೆ. ಅವ್ವನ ಕೂಲಿ ತಪ್ಪಿಸಲು ನನಗಿದ್ದ ದಾರಿ ಅದೊಂದೇ. ಅದು ಕೆಟ್ಟಿತೋ, ನನ್ನ ದಂಧೆ ಅಲ್ಲಿಗೇ ಮುಗಿಯಿತು.

ಮಾವ ಬಿಟ್ಟಾನೆಯೇ? ಇಬ್ಬರು ಸೇರಿ ಎತ್ತಬೇಕಾದ ಪೆಟ್ಟಿಗೆ ಮಾಡಿದ! ಅರ್ಧ ತಾಸು ಹಾಡು ಹಾಕಿದ್ದಷ್ಟೇ, ಒಳಗೆ ಮುಟ್ಟಿದರೆ ಕೈ ಚುರ್ ಎಂದಿತು.

"ಇದ್ರಾಗ ರೊಟ್ಟಿ ಬೇಯ್ತಾವ. ಗಾಳಿ ಬ್ಯಾಡೇನ್ರಿ?" ಎಂದಳು ಅತ್ತೆ.

"ತೂತು ಹೊಡದ್ರ ಒಳಗ ಧೂಳು ಹೋಗ್ತೈತಿ."

ಅತ್ತೆ ವಾದಕ್ಕೆ ನಿಲ್ಲಲಿಲ್ಲ. ರಂಗೋಲಿ ಬಟ್ಟಲು ತಂದು ತಗಡಿನ ಮೇಲೆ ಸಾಲಾಗಿ ಚುಕ್ಕಿ ಇಟ್ಟಳು. "ಚುಕ್ಕಿಗೊಂದು ಹೊಡೀರಿ. ಒಳಗ ತೆಳ್ಳನ ಸೀರಿ ಅರಿವಿ ಅಂಟಿಸ್ತೀನಿ, ಧೂಳು ತಡೀತೈತಿ." ಮಾವ ಮುಖ ಗಂಟಿಕ್ಕಿಕೊಂಡೇ ಒಂದೊಂದು ಚುಕ್ಕಿಗೂ ಮೊಳೆ ಬಡಿದ. ತಳಕ್ಕೆ ಹಳೆಯ ಕೌದಿ ಹಾಸಿದ. ಮೈಮೇಲೆ ರಂಗೋಲಿ ಇದ್ದ ಆಂಪ್ಲಿಫೈಯರ್ ತಾಲ್ಲೂಕಿನಲ್ಲೆಲ್ಲ ನನ್ನದೊಂದೇ!

ನೀಲಗುಂದದಲ್ಲೊಂದು ಮದುವೆ. "ಏನ್ರಿ, ಬ್ಯಾಂಕ್ ಎತ್ಕೊಂಡು ಬಂದೀರೇನು?" ಎನ್ನುತ್ತಲೇ ಕಂಡಕ್ಟರು ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕಿಸಿದ. ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಲು ಇಳಿಸುವಾಗ ಹಗ್ಗ ಹರಿಯಿತು. ಹಿಡಿಯಲು ಹೋದ ನಾನೂ ಏಣಿಯಿಂದ ಜಾರಿದೆ. ಧಡ್! ಪೆಟ್ಟಿಗೆಯ ಒಂದು ಮೂಲೆ ಒಳಕ್ಕೆ ಹೋಗಿತ್ತು. ಎದ್ದವನೇ ಕದ ತೆಗೆದೆ. ಕೌದಿಯ ಮೇಲೆ ಆಂಪ್ಲಿಫೈಯರ್ ನಿದ್ದೆಯಲ್ಲಿದ್ದ ಕೂಸಿನಂತೆ ಮಲಗಿತ್ತು! ಮದುವೆ ಮನೆಯಲ್ಲಿ ಎಂದಿನಂತೆ ಹಾಡಿತು ಕೂಡ.

ಆ ಕಂಡಕ್ಟರು ಕೊಟ್ಟೂರಿಗೆ ವಾಪಸು ಹೋದವನೇ ಸುದ್ದಿ ಮುಟ್ಟಿಸಿದ್ದ. ಸಂಜೆ ಬಸ್ಸಿಗೆ ಮಾವ ನೀಲಗುಂದಕ್ಕೆ ಬಂದಿಳಿದ. ಇನ್ನು ಆ ಮೂಲೆ ನೋಡಿ ನನ್ನ ಚರ್ಮ ಸುಲಿಯುತ್ತಾನೆಂದು ನಾನು ಪೆಟ್ಟಿಗೆಗೆ ಅಡ್ಡ ನಿಂತೆ. ಮಾವ ಅದರ ಕಡೆ ತಿರುಗಿಯೂ ನೋಡಲಿಲ್ಲ. ಕುಕ್ಕರುಗಾಲಲ್ಲಿ ಕೂತು ನನ್ನ ಪ್ಯಾಂಟು ಮೇಲೆತ್ತಿ, ತರಚಿಹೋದ ಮೊಣಕಾಲು ನೋಡಿದ. ಇಡೀ ದಿನ ಯಾರೂ ಕೇಳಿರದ ಕಾಲು ಅದು.

"ಊರಾಗಿನ ಸಾಮಾನಿಗೆಲ್ಲ ಪೆಟ್ಟಿಗಿ ಮಾಡಿದೆ," ಎಂದ. ದನಿ ಒಡೆದಿತ್ತು. "ನಿನಗೊಂದು ಮಾಡೋದು ಮರ್ತೆ ನೋಡಲೇ."

ಅಪ್ಪ ಹೋದ ದಿನದಿಂದ ನಾನು ಅವನ ನೆರಳಲ್ಲೇ ಬೆಳೆದವನು. "ಮರ್ತಿಲ್ಲ ಮಾವಾ," ಎನ್ನಬೇಕೆಂದಿದ್ದೆ. ಅದರ ಬದಲು, ಅಡ್ಡ ನಿಂತಿದ್ದ ಪೆಟ್ಟಿಗೆಯ ಮೇಲೇ ಕೂತು ಕಾಲನ್ನು ಅವನತ್ತ ಚಾಚಿದೆ.