ಹಾರ್ಟ್ಲಿ ಪಾದ್ರಿಯ ಎರಡನೇ ಅಂಕ

ಆ ಭಾನುವಾರ ಬೆಳಗ್ಗೆ ಚೌಡಪ್ಪ, ನಾಟಕದ ಪಾದ್ರಿಯ ಕರಿ ನಿಲುವಂಗಿಗೆ ಇಸ್ತ್ರಿ ಹಾಕಿ ಸುಮ್ಮನೆ ಗೋಡೆಗೆ ತಗುಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ಒಮ್ಮೆ ತೊಟ್ಟು ನೋಡೋಣ ಎನ್ನಿಸಿತು. ತೊಟ್ಟ. ಬೆನ್ನ ಮೇಲೆ ಕತ್ತಿನಿಂದ ಸೊಂಟದವರೆಗೂ ಸಾಲಾಗಿದ್ದ ಗುಂಡಿಗಳನ್ನು ಹಾಕಲು ಹೆಂಡತಿ ತಿಪ್ಪಮ್ಮನಿಗೆ ಬಹಳ ಹೊತ್ತು ಹಿಡಿಯಿತು. ಕೊನೆಯ ಗುಂಡಿ ಹಾಕಿದ್ದಕ್ಕೂ ಪಕ್ಕದ ಎಸ್‌ಟಿಡಿ ಬೂತಿನ ಶಶಿರೇಖಾ ಓಡಿ ಬಂದಿದ್ದಕ್ಕೂ ಸರಿಹೋಯಿತು.

"ಚೌಡಪ್ಪಣ್ಣ, ಕೊತ್ತಗೆರೆಯಿಂದ ಫೋನು. ನಿಮ್ ದೊಡ್ಡಪ್ಪಂಗೆ ಈಗ್ಲೋ ಆಗ್ಲೋ ಅಂತೆ. ನಿಮ್ಮನ್ನೇ ಕೇಳ್ತಾ ಅವ್ರಂತೆ."

ಚೌಡಪ್ಪ ಕನ್ನಡಿಯಲ್ಲಿದ್ದ ಪಾದ್ರಿಯನ್ನು ನೋಡಿದ. ಪಾದ್ರಿಯ ಮುಖ ಬಿಳಿಚಿಕೊಂಡಿತ್ತು.

ಗುಬ್ಬಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದ ಚೌಡಪ್ಪ ಇಪ್ಪತ್ತು ವರ್ಷಗಳಿಂದ ನಾಟಕದಲ್ಲಿ ಪಾರ್ಟು ಮಾಡುತ್ತಿದ್ದ. ಎಲ್ಲವೂ ದ್ವಾರಪಾಲಕನ ಪಾರ್ಟೇ. ಅವನಿಗೆ ಸಿಕ್ಕಿದ್ದ ಅತಿ ಉದ್ದದ ಮಾತು "ಮಹಾಪ್ರಭು, ದೂತ ಬಂದಿದ್ದಾನೆ" ಎಂಬುದು. ಉಳಿದ ಹೊತ್ತಿನಲ್ಲಿ ಪರದೆಯ ಸಂದಿಯಲ್ಲಿ ಕೂತು ಬೇರೆಯವರಿಗೆ ಮಾತು ಹೇಳಿಕೊಡುತ್ತಿದ್ದ. ಭೀಮನ ಅಷ್ಟೂ ಮಾತು, ಅಷ್ಟೂ ಪದ್ಯ ಅವನಿಗೆ ಬಾಯಿಪಾಠ. ಆದರೆ ಭೀಮನಾಗಲು ಬೇಕಾದ ಮೈಯಿರಲಿಲ್ಲ. ಗದೆ ಹಿಡಿದರೆ ಗದೆಯೇ ಅವನನ್ನು ಹಿಡಿದುಕೊಂಡಂತೆ ಕಾಣುತ್ತಿತ್ತು.

ಅಂಥವನಿಗೆ ಹೀರೋ ಪಾರ್ಟು ಸಿಕ್ಕಿದ್ದು ತುಮಕೂರಿನ ಗೆಳೆಯರ ಟೆನ್ನಿಸ್ ಕ್ಲಬ್ಬಿನಿಂದ. ಕ್ಲಬ್ಬಿನ ಕಾರ್ಯದರ್ಶಿ ನರಸಿಂಹಯ್ಯನವರು ರಿಟೈರಾದ ಇಂಜಿನಿಯರು. ಬೇರೆಯವರು ಸಿನಿಮಾ ನಟರನ್ನು ಹಚ್ಚಿಕೊಂಡಂತೆ ಅವರು ಹಾರ್ಟ್ಲಿ ಎಂಬ ಇಂಗ್ಲಿಷ್ ಪಾದ್ರಿಯನ್ನು ಹಚ್ಚಿಕೊಂಡಿದ್ದರು. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, ವಿಂಬಲ್ಡನ್ ಶುರುವಾದ ಹೊಸತರಲ್ಲಿ, ಹಳ್ಳಿಯೊಂದರ ಈ ಪಾದ್ರಿ ಪಂದ್ಯಕ್ಕೆ ಹೋದ. ತಾನು ಅಷ್ಟು ದೂರ ಗೆದ್ದು ಬರುತ್ತೇನೆಂದು ಅವನೇ ನಂಬಿರಲಿಲ್ಲ. ಹಾಗಾಗಿ ಭಾನುವಾರದ ಪ್ರಾರ್ಥನೆಗೆ ಊರಲ್ಲಿ ಬದಲಿ ಜನ ಬಿಟ್ಟಿರಲಿಲ್ಲ. ಗೆಲ್ಲುತ್ತಲೇ ಹೋದ. ಭಾನುವಾರ ಬಂದಾಗ ಊರಿಗೆ ವಾಪಸು ಓಡಿದ, ಪ್ರಾರ್ಥನೆ ಮಾಡಿಸಿದ, ಆ ರಾತ್ರಿ ಸಾಯುತ್ತಿದ್ದ ಭಕ್ತನೊಬ್ಬನ ಪಕ್ಕ ಕೂತ. ಬೆಳಗಾಗುತ್ತಲೇ ಕುದುರೆ ಹತ್ತಿ, ರೈಲು ಹಿಡಿದು, ಹಸಿದ ಹೊಟ್ಟೆಯಲ್ಲಿ ಪಂದ್ಯಕ್ಕೆ ಬಂದು ನಿಂತ. ನಡುವೆ ಮಳೆ ಬಂದು ಆಟ ನಿಂತಿತು. ಹೊಟ್ಟೆಗೆ ಒಂದಿಷ್ಟು ಬಿದ್ದಿತು. ಗೆದ್ದ. ಆ ವರ್ಷವೂ ಚಾಂಪಿಯನ್, ಮರುವರ್ಷವೂ ಚಾಂಪಿಯನ್. ಮೂರನೆಯ ವರ್ಷ ಮೈಗೆ ಹುಷಾರಿಲ್ಲದೆ ಆಡಿ, ಮುಕ್ಕಾಲು ಗಂಟೆಯೂ ತಡೆಯದೆ ಸೋತ.

ಇದನ್ನು ನರಸಿಂಹಯ್ಯನವರು ಮೂರು ಅಂಕದ ನಾಟಕ ಮಾಡಿದ್ದರು. ಹಾರ್ಮೋನಿಯಂ ಇತ್ತು, ಪದ್ಯವೂ ಇತ್ತು. ಟೆನ್ನಿಸ್ ಆಡುವವರು ಎದುರುಬದುರು ನಿಂತು ಒಂದೊಂದು ಸಾಲು ಹಾಡಿ ಬ್ಯಾಟು ಬೀಸಬೇಕು. ಚೆಂಡಿನ ಬದಲು ತಬಲಾದ ಒಂದು ಪೆಟ್ಟು. ಹಾರ್ಟ್ಲಿ ಪಾರ್ಟಿಗೆ ಮೊದಲು ಆರಿಸಿದ್ದು ಭೀಮನ ಪಾರ್ಟಿನ ಹನುಮಂತರಾಜುವನ್ನು. ಕೊನೆಯಲ್ಲಿ ಸೋಲಬೇಕು ಎಂದು ಗೊತ್ತಾದ ದಿನ ಅವನು ಬ್ಯಾಟು ಕೆಳಗಿಟ್ಟ.

"ಸ್ಟೇಜ್ ಮೇಲೆ ನಾನು ಇವತ್ತಿನವರ್ಗೂ ಸೋತಿಲ್ಲ ಸಾರ್. ನಿಮ್ ಪಾದ್ರಿ ಗೆದ್ದಾಗ್ಲೇ ಪರದೆ ಎಳ್ಸಿ, ಇಲ್ಲಾಂದ್ರೆ ಬೇರೆಯವ್ರನ್ನ ನೋಡ್ಕಳಿ."

"ಚರಿತ್ರೆ ಬದಲಾಯಿಸೋಕಾಗಲ್ಲ ಕಣಪ್ಪ," ಎಂದರು ನರಸಿಂಹಯ್ಯ.

ಅವನು ಹೊರಟ. ಅವನ ಕಡೆಯ ಇನ್ನೊಬ್ಬನೂ ಹೊರಟ. ಪರದೆಯ ಸಂದಿಯಲ್ಲಿದ್ದ ಚೌಡಪ್ಪನಿಗೆ ಅಷ್ಟೂ ಮಾತು ಬರುತ್ತಿತ್ತು. ಸೋಲುವುದಕ್ಕೂ ಅವನ ತಕರಾರಿರಲಿಲ್ಲ.

ಈಗ ನಾಟಕ ಸಂಜೆ ನಾಲ್ಕಕ್ಕೆ ತುಮಕೂರಿನಲ್ಲಿ, ದೊಡ್ಡಪ್ಪ ಕೊತ್ತಗೆರೆಯಲ್ಲಿ.

"ಹೋಗದೆ ಇರೋಕಾಯ್ತದಾ?" ಎಂದಳು ತಿಪ್ಪಮ್ಮ. "ಅಪ್ಪ ಇಲ್ದೋರನ್ನ ಸಾಕಿದೋರು. ಹೋಗಿ ಬಾಯಿಗೆ ನೀರು ಬುಟ್ಟು ಬನ್ನಿ. ನಾನೂ ಶಶಿರೇಖಾನೂ ಕ್ಲಬ್ ತಾವ ಇರ್ತೀವಿ."

"ಬಸ್ಸು ಬಂತು, ಬಸ್ಸು!" ಎಂದಳು ಶಶಿರೇಖಾ. ಅಷ್ಟೊಂದು ಗುಂಡಿ ಬಿಚ್ಚಲು ಯಾರಿಗೂ ಸಮಯವಿರಲಿಲ್ಲ. ನೆರೆಹೊರೆಯವರೆಲ್ಲ ಸೇರಿ ಅವನನ್ನು ನಿಲುವಂಗಿಯ ಸಮೇತ ಬಸ್ಸಿನೊಳಗೆ ತುರುಕಿದರು.

ತುಮಕೂರಿನಲ್ಲಿ ಬಸ್ಸು ಬದಲಾಯಿಸಿ, ಕುಣಿಗಲ್ಲಿನಲ್ಲಿ ಮತ್ತೊಮ್ಮೆ ಬದಲಾಯಿಸಿ, ಅವನು ಕೊತ್ತಗೆರೆಯಲ್ಲಿ ಇಳಿದ. ಕರಿ ನಿಲುವಂಗಿ, ಕತ್ತಿನಲ್ಲಿ ಬಿಳಿ ಪಟ್ಟಿ. ಟೀ ಅಂಗಡಿಯಲ್ಲಿ ಕೂತಿದ್ದವರು ನೋಡಿದರು. ಅವನು ನಡೆದು ಹೋಗುವಷ್ಟರಲ್ಲಿ ಸುದ್ದಿ ಸೈಕಲ್ ಮೇಲೆ ಹೋಗಿ ದೊಡ್ಡಪ್ಪನ ಮನೆ ತಲುಪಿತ್ತು: ಚಿಕ್ಕಬೋರಯ್ಯನ ಮನೆಗೆ ಲಾಯರ್ ಬರ್ತಾ ಅವ್ನೆ.

ಬಾಗಿಲಲ್ಲಿ ದೊಡ್ಡಪ್ಪನ ಸೊಸೆ ಕದರಮ್ಮ ಸೆರಗು ಬಿಗಿದು ನಿಂತಿದ್ದಳು. ಹಿಂದೆ ಅರ್ಧ ಊರು.

"ಯಾಕೆ ಭಾವ, ಉಸ್ರು ನಿಲ್ಲೋವರ್ಗೂ ತಡೆಯೋಕಾಗ್ಲಿಲ್ವಾ? ಉಯಿಲು ಬರ್ಸೋಕೆ ಕೋಟಾಕ್ಕೊಂಡೇ ಬಂದ್ಬುಟ್ರಾ?"

"ಇದು ಲಾಯರ್ ಕೋಟಲ್ಲ ಕದರಮ್ಮ, ಪಾದ್ರಿ ಅಂಗಿ. ನಾನು ಇಂಗ್ಲೆಂಡಿನ ಟೆನ್ನಿಸ್ ಚಾಂಪಿಯನ್ನು. ಇವತ್ತು ಸಾಯಂಕಾಲ..."

ಇದರಿಂದ ಯಾರ ಅನುಮಾನವೂ ಕಡಿಮೆಯಾಗಲಿಲ್ಲ. ಬಾಗಿಲಲ್ಲಿ ತೆಂಗಿನತೋಪಿನ ಮಾತು ಬಂತು, ಹೊಲದ ಮಾತು ಬಂತು, ಯಾರೋ ಯಾರದೋ ಮದುವೆಯಲ್ಲಿ ಯಾರನ್ನೋ ಊಟಕ್ಕೆ ಕರೆಯದ ಮಾತೂ ಬಂತು. ಅಷ್ಟರಲ್ಲಿ ಒಳಗಿನಿಂದ, ಒಂದು ವಾರದಿಂದ ಪಿಸುಮಾತಿಗಿಂತ ಹೆಚ್ಚು ಆಡದಿದ್ದ ಮುದುಕನ ಗಂಟಲು ಕೇಳಿಸಿತು.

"ಯಾವನ್ಲಾ ಅವ್ನು ಲಾಯರ್ ಕರ್ಸಿದೋನು? ನಾನಿನ್ನೂ ಉಸಿರಾಡ್ತಾ ಇವ್ನಿ ಕಣ್ರಲಾ!"

ಎಲ್ಲರೂ ಒಳಗೆ ನುಗ್ಗಿದರು. ಚಿಕ್ಕಬೋರಯ್ಯ ಚಾಪೆಯ ಮೇಲೆ ಎದ್ದು ಕೂತಿದ್ದ. ಕೋಪದಲ್ಲಿ ಕಣ್ಣು ಹೊಳೆಯುತ್ತಿತ್ತು. ಬಾಯಿಗೆ ನೀರು ಬಿಡಲು ಚೊಂಬು ಹಿಡಿದಿದ್ದ ಹೆಂಗಸಿನ ಕೈಯಿಂದ ಅದನ್ನು ಕಿತ್ತುಕೊಂಡು ಗಟಗಟ ಕುಡಿದ. ಚೌಡಪ್ಪ ಕಾಲಿಗೆ ಬಿದ್ದು ನಾಟಕದ ವಿಷಯ ಹೇಳಿದ.

"ಹೀರೋ ಪಾರ್ಟಾ? ನೀನಾ?" ಮುದುಕ ಕೆಮ್ಮು ಬರುವವರೆಗೂ ನಕ್ಕ. ಆಮೇಲೆ ಗಂಜಿ ಕೇಳಿದ, ಪಂಚೆ ಕೇಳಿದ. "ನಾನೂ ಬತ್ತೀನಿ ನಡಿಲಾ. ಇದೊಂದು ನೋಡೇ ಸಾಯ್ತೀನಿ."

"ಕರ್ಕೊಂಡೋಗಿ ಭಾವ," ಎಂದಳು ಕದರಮ್ಮ. ವಾರದಿಂದ ಒಲೆಗೂ ಚಾಪೆಗೂ ಓಡಾಡಿ ಅವಳು ಬಸವಳಿದಿದ್ದಳು.

ಊರಿನ ಮದುವೆ ಮನೆಯೊಂದಕ್ಕೆ ಹತ್ತಿ ಹಾಸಿಗೆ ಕೊಡಲು ಬಂದಿದ್ದ ಕುಣಿಗಲ್ಲಿನ ಮುನಾವರ್ ಪಾಷಾನ ಟೆಂಪೊ ತುಮಕೂರಿನ ಅಂಗಡಿಯೊಂದಕ್ಕೆ ಹೊರಟಿತ್ತು. ಉಳಿದ ಹಾಸಿಗೆಗಳ ಮೇಲೆ ಮುದುಕನನ್ನು ಮಲಗಿಸಿದರು. ಮುನಾವರ್ ಒಳ್ಳೆಯವನು, ಗುಂಡಿ ಬಂದಲ್ಲೆಲ್ಲ "ಹುಷಾರು ತಾತ" ಎಂದು ಕೂಗಿ, ಕೂಗಿದ ಮೇಲೆ ಗುಂಡಿಗೆ ಇಳಿಸುತ್ತಿದ್ದ. ಹೆಬ್ಬೂರಿನ ಹತ್ತಿರ ಟೈರು ಪಂಕ್ಚರಾಯಿತು. ಚೌಡಪ್ಪ ಜಾಕಿ ಹಿಡಿದ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ನಿಲುವಂಗಿಗೆ ಹತ್ತಿ ಮೆತ್ತಿಕೊಂಡು, ಅವನು ಆಗತಾನೆ ಉಣ್ಣೆ ಕತ್ತರಿಸಿಕೊಂಡು ಬಂದ ಕರಿ ಕುರಿಯ ಹಾಗೆ ಕಾಣುತ್ತಿದ್ದ.

ಕ್ಲಬ್ಬಿನಲ್ಲಿ ನರಸಿಂಹಯ್ಯನವರು ವಾರ್ಷಿಕ ವರದಿಯನ್ನು ಎರಡನೆಯ ಸಲ ಓದುತ್ತಿದ್ದರು. ಚೌಡಪ್ಪ ಟೆಂಪೊದಿಂದ ಹಾರಿದ್ದನ್ನು ಕಂಡು ವರದಿ ಕೆಳಗಿಟ್ಟರು. ನಡೆದದ್ದನ್ನು ಕೇಳಿದಾಗ ಅವರ ಕನ್ನಡಕ ಮಂಜಾಯಿತು.

"ಸಾವಿನ ಮನೆಯಿಂದ ಪಂದ್ಯಕ್ಕೆ! ನೀನು ಹಾರ್ಟ್ಲಿನೇ ಕಣಯ್ಯ."

"ಸಾರ್, ಎರಡು ಇಡ್ಲಿ ಏನಾದ್ರೂ..."

"ಬೇಡ ಬೇಡ. ಆ ಹಸಿವು ಮುಖದಲ್ಲಿ ಹಂಗೇ ಇರ್ಲಿ. ಮೂರನೇ ಅಂಕದಲ್ಲಿ ಮಳೆ ಬಂದಾಗ ತಿನ್ನೋಣ."

ಸಾಯುವ ಭಕ್ತನ ಪಾರ್ಟಿನವನು ಹನುಮಂತರಾಜುವಿನ ಜೊತೆ ಹೊರಟುಹೋಗಿದ್ದನಲ್ಲ, ಆ ಮಂಚ ಇನ್ನೂ ಖಾಲಿಯಿತ್ತು. ನರಸಿಂಹಯ್ಯನವರ ಕಣ್ಣು ಚಿಕ್ಕಬೋರಯ್ಯನ ಮೇಲೆ ಬಿತ್ತು.

"ಯಜಮಾನ್ರೇ, ಒಂದು ಮಾತು ಹೇಳಿ ಕಣ್ಣು ಮುಚ್ಚಿಬಿಡಬೇಕು. ಆಮೇಲೆ ಯಾರು ಕರೆದ್ರೂ, ಯಾರು ಅತ್ರೂ, ಅಲ್ಲಾಡಬಾರದು. ಆಗುತ್ತಾ?"

"ಒಂದ್ ವಾರದಿಂದ ಅದೇ ಪ್ರಾಕ್ಟೀಸು," ಎಂದ ಮುದುಕ.

ನಾಟಕ ಶುರುವಾಯಿತು. ಮೊದಲ ಅಂಕದಲ್ಲಿ ಚೌಡಪ್ಪ ಹಾಡಿ, ಬ್ಯಾಟು ಬೀಸಿ, ಇಬ್ಬರನ್ನು ಸೋಲಿಸಿದ. ಜನ ಮೊದಲು ನಕ್ಕರು, ಆಮೇಲೆ ನಗುವುದನ್ನು ನಿಲ್ಲಿಸಿದರು. ಮುಂದಿನ ಸಾಲಿನಲ್ಲಿ ತಿಪ್ಪಮ್ಮ ಗಂಡನನ್ನು ಹೊಸಬನನ್ನು ನೋಡುವ ಹಾಗೆ ನೋಡುತ್ತಿದ್ದಳು. ಒಮ್ಮೆ ಅವನಿಗೂ ಅದು ಕಾಣಿಸಿ, ತಬಲಾದ ಪೆಟ್ಟು ತಪ್ಪಿತು.

ಎರಡನೇ ಅಂಕ. ಮಂಚದ ಪಕ್ಕ ಪಾದ್ರಿ ಮಂಡಿಯೂರಿದ. ಭಕ್ತ ಹೇಳಬೇಕಾಗಿದ್ದ ಮಾತು "ಸ್ವಾಮಿ, ನನ್ನ ಆತ್ಮಕ್ಕೆ ಶಾಂತಿ ದೊರೆಯಿತು" ಎಂದು. ಚಿಕ್ಕಬೋರಯ್ಯ ಅದನ್ನು ಹೇಳಲಿಲ್ಲ. ಕೈ ಎತ್ತಿ ಚೌಡಪ್ಪನ ಕೆನ್ನೆ ಮುಟ್ಟಿದ.

"ನನ್ ತಾವ ಕುಂತ್ಕೋಬ್ಯಾಡ ಕಣ್ ಮಗ. ನೀನು ಹೋಗಿ ಆಡು. ಗೆದ್ಕೊಂಡು ಬಾ."

ಕೈ ಜಾರಿತು. ತಲೆ ಒಂದು ಕಡೆಗೆ ವಾಲಿತು.

ಚೌಡಪ್ಪನಿಗೆ ಮುಂದಿನ ಮಾತು ಮರೆತುಹೋಯಿತು. ಹೇಳಿಕೊಡುವವರು ಪರದೆಯ ಸಂದಿಯಲ್ಲಿ ಯಾರೂ ಇರಲಿಲ್ಲ. ಕೈ ಮುಟ್ಟಿದ, ತಣ್ಣಗಿತ್ತು. "ದೊಡ್ಡಪ್ಪಾ" ಎಂದ. ಭುಜ ಅಲ್ಲಾಡಿಸಿದ. ಮತ್ತೆ ಕೂಗಿದ. ಅವನು ಅಳತೊಡಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ತಿಪ್ಪಮ್ಮ ಒಬ್ಬಳೇ ತಟ್ಟದೆ, ವೇದಿಕೆಯತ್ತ ಓಡಿ ಬಂದಳು.

ಪರದೆ ಬಿತ್ತು. ಕ್ಲಬ್ಬಿನ ಸದಸ್ಯರಲ್ಲಿ ಇದ್ದ ಡಾಕ್ಟರು ಹಲ್ಲಿನ ಡಾಕ್ಟರೊಬ್ಬರೇ. ಗದ್ದಲದ ನಡುವೆ ಮುದುಕನ ಮಣಿಕಟ್ಟು ಹಿಡಿದರು. ವಾರದಿಂದ ಸಾಯುತ್ತಿದ್ದವರು ಎಂದು ಯಾರೋ ಹೇಳಿದರು. ಅವರು ತಲೆ ಅಲ್ಲಾಡಿಸಿದರು.

ಮೂರನೇ ಅಂಕ ಆಗಲಿಲ್ಲ. ನರಸಿಂಹಯ್ಯನವರು ಮೈಕಿನ ಮುಂದೆ ನಿಂತು, ಎಲ್ಲರೂ ಎದ್ದು ನಿಲ್ಲಬೇಕೆಂದು ಕೈಸನ್ನೆ ಮಾಡಿದರು. ಅತ್ಯುತ್ತಮ ನಟನಿಗೆಂದು ತಂದಿದ್ದ ಪದಕವನ್ನು ಮುದುಕನ ಎದೆಯ ಮೇಲಿಟ್ಟು ಕೈ ಮುಗಿದರು. ಚೌಡಪ್ಪ ಅದನ್ನು ನೋಡಲಿಲ್ಲ. ಅವನು ದೊಡ್ಡಪ್ಪನ ಪಂಚೆಯ ಮುದುರು ಸರಿಮಾಡುತ್ತಿದ್ದ.

ಮುನಾವರ್ ಹಾಸಿಗೆಗಳನ್ನು ಅಂಗಡಿಗೆ ಇಳಿಸಿ ಬಂದ. ಒಂದನ್ನು ಮಾತ್ರ ಟೆಂಪೊದಲ್ಲೇ ಉಳಿಸಿದ್ದ.

"ಇದು ನಂದಿರ್ಲಿ ಅಣ್ಣ. ತಾತಂಗೆ."

ಹೊತ್ತು ಮುಳುಗುವಾಗ ಟೆಂಪೊ ಕುಣಿಗಲ್ ರಸ್ತೆ ಹಿಡಿಯಿತು. ಹಿಂದೆ ಚೌಡಪ್ಪ, ತಿಪ್ಪಮ್ಮ, ನಡುವೆ ದೊಡ್ಡಪ್ಪ. ಮುನಾವರ್ ಈ ಸಲ ಗುಂಡಿಗಳನ್ನು ನಿಜವಾಗಿಯೂ ತಪ್ಪಿಸುತ್ತಿದ್ದ. ಊರಿಗೆ ಫೋನು ಹೋಗಿತ್ತು. ಅಲ್ಲಿ ಕದರಮ್ಮ ಅಳಲು ಶುರುಮಾಡಿರಬೇಕು. ಚೌಡಪ್ಪ ನಿಲುವಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡ. ಬಾಯಿಗೆಲ್ಲ ಹತ್ತಿ.

"ಸಾಕಿದೋರು ಕಣೇ," ಎಂದ. "ಅವ್ರಿಗಾದ್ರೂ ಒಂದು ನಾಟ್ಕ ಪೂರ್ತಿ ತೋರ್ಸೋಕಾಗ್ಲಿಲ್ಲ."

ತಿಪ್ಪಮ್ಮ ಅವನ ಕೈ ಹಿಡಿದುಕೊಂಡಳು. ಹೆಬ್ಬೂರು ದಾಟಿತು.

"ಇನ್ನೂ ಎಷ್ಟೊತ್ಲಾ ಹಿಂಗೆ ಮಲ್ಗಿರ್ಬೇಕು?" ಎಂದಿತು ಹಾಸಿಗೆ.

ಮುನಾವರ್ ಬ್ರೇಕು ಹಾಕಿದ ರಭಸಕ್ಕೆ ಟೆಂಪೊ ರಸ್ತೆ ಬಿಟ್ಟು ರಾಗಿ ಹೊಲಕ್ಕೆ ಮೂತಿಯಿಟ್ಟು ನಿಂತಿತು. ಚಿಕ್ಕಬೋರಯ್ಯ ಒಂದು ಕಣ್ಣು ಬಿಟ್ಟ. ಸುತ್ತ ನೋಡಿ ಇನ್ನೊಂದನ್ನೂ ಬಿಟ್ಟ.

"ಆ ಕನ್ನಡ್ಕದೋನು ಅಲ್ಲಾಡ್ಬ್ಯಾಡ ಅಂದ್ನಲ್ಲ, ಅಲ್ಲಾಡ್ಲಿಲ್ಲ. ನಡುವೆ ಕಣ್ಣು ಹತ್ಬುಟ್ತು. ನಾಟ್ಕ ಮುಗೀತಾ?"

ಮುದುಕ ಎದ್ದು ಕೂತ. ಎದೆಯ ಮೇಲಿನಿಂದ ಏನೋ ಜಾರಿ ಬಿದ್ದು ಕತ್ತಲಲ್ಲಿ ಉರುಳಿಹೋಯಿತು. ಅದರ ಕಡೆ ಅವನು ತಿರುಗಿಯೂ ನೋಡಲಿಲ್ಲ.

"ಮುಗೀತೇನ್ಲಾ ಅಂದೆ. ಏನಾಯ್ತು ಆಟ? ಗೆದ್ಯಾ?"

ಚೌಡಪ್ಪ ನಿಲುವಂಗಿಯ ತೋಳಿನಲ್ಲಿ ಮತ್ತೆ ಕಣ್ಣು ಒರೆಸಿಕೊಂಡ.

"ಗೆದ್ರು ಮಾವ," ಎಂದಳು ತಿಪ್ಪಮ್ಮ. "ನಾನೇ ನೋಡ್ದೆ. ಜನ ಎಲ್ಲಾ ಎದ್ದು ನಿಂತ್ಕಂಡು ಚಪ್ಪಾಳೆ ಹೊಡುದ್ರು."

"ಹೌದಾ!" ಮುದುಕ ತೃಪ್ತಿಯಿಂದ ಹಾಸಿಗೆಗೆ ಒರಗಿದ. ಸ್ವಲ್ಪ ಹೊತ್ತಿನ ಮೇಲೆ ಬಗ್ಗಿ ಚೌಡಪ್ಪನ ಮುಖ ನೋಡಿದ.

"ಗೆದ್ದೋನು ಯಾಕ್ಲಾ ಹಿಂಗೆ ಅಳ್ತಾ ಕುಂತಿದೀಯ?"