ನೆಗಡಿ ಹಿಡಿದ ಉಮೇದುವಾರ

ಆ ಸೋಮವಾರ ಪಾಲಾಕ್ಷನಿಗೆ ನೆಗಡಿ ಹಿಡಿಯದೇ ಇದ್ದಿದ್ದರೆ ಇಷ್ಟು ಹೊತ್ತಿಗೆ ಅವನು ಗಾರ್ಡ್ ಪಾಲಾಕ್ಷಯ್ಯನಾಗಿ, ಚನ್ನರಾಯಪಟ್ಟಣದ ಅಳಿಯನಾಗಿ ಮೆರೆಯುತ್ತಿದ್ದ. ಆದರೆ ನೆಗಡಿ ಯಾರನ್ನು ಕೇಳಿಕೊಂಡು ಬರುತ್ತದೆ?

ಹೊಳೆನರಸೀಪುರದ ಕಾಡಿನ ಕಚೇರಿಯಲ್ಲಿ ಅವನು ಎಂಟು ತಿಂಗಳಿಂದ ಉಮೇದುವಾರ. ಉಮೇದುವಾರನೆಂದರೆ, ಕೆಲಸ ಇಂದಲ್ಲ ನಾಳೆ ಖಾಯಂ ಆದೀತೆಂದು ಸಂಬಳವಿಲ್ಲದೆ ದುಡಿಯುವ ಪ್ರಾಣಿ. ಸರ್ಕಾರ ಕಾಪಾಡಬೇಕಾದ ಪ್ರಾಣಿಗಳ ಪಟ್ಟಿಯಲ್ಲಿ ಇದರ ಹೆಸರಿರಲಿಲ್ಲ. ಭಾವನ ಹಳೇ ಖಾಕಿ ಅಂಗಿ ತೊಟ್ಟು ಬೀದಿಯಲ್ಲಿ ಹೊರಟರೆ ಜನ "ಸಾಹೇಬ್ರು ಬಂದ್ರು" ಎಂದು ನಗುತ್ತಿದ್ದರು. ಪಾಲಾಕ್ಷ ನಗುವನ್ನು ಬಿಟ್ಟು ಸಾಹೇಬ ಎಂಬುದನ್ನು ಮಾತ್ರ ಕೇಳಿಸಿಕೊಳ್ಳುತ್ತಿದ್ದ.

ಅವತ್ತು ಬೆಳಿಗ್ಗೆ ತಾಯಿ ದಾಕ್ಷಾಯಣಮ್ಮ ಬಚ್ಚಲ ಒಲೆಗೆ ಪುರಲೆ ಕಡ್ಡಿ ತುರುಕುತ್ತಿರುವಾಗ ಪಕ್ಕದ ಮನೆಯ ಅನಸೂಯಮ್ಮ ಗೋಡೆಯ ಮೇಲಿಂದ ಕತ್ತು ಚಾಚಿದರು.

"ಏನ್ ಧೂಪ ಹಾಕಿದ್ದೀರಿ ದಾಕ್ಷಾಯಣಮ್ನೋರೆ? ನಮ್ಮನೇ ತನಕ ಘಮ್ಮಂತೈತೆ!"

ದಾಕ್ಷಾಯಣಮ್ಮ ಇನ್ನೂ ದೇವರ ಕೋಣೆಯ ಬಾಗಿಲನ್ನೇ ತೆಗೆದಿರಲಿಲ್ಲ. ಆದರೂ ಭಕ್ತಿಯ ವಿಚಾರದಲ್ಲಿ ತಾನಾಗಿ ಬಂದ ಹೊಗಳಿಕೆಯನ್ನು ಯಾರು ಬೇಡವೆನ್ನುತ್ತಾರೆ? "ಎಲ್ಲಾ ಶಿವನ ದಯ ಕಣ್ರೀ" ಎಂದರು. ಪಾಲಾಕ್ಷನಿಗೆ ಧೂಪವೂ ಇಲ್ಲ, ಹೊಗೆಯೂ ಇಲ್ಲ. ಮೂಗು ಬೀಗ ಹಾಕಿದ ಅಂಗಡಿಯಂತೆ ಮುಚ್ಚಿತ್ತು. "ಅಬ್ಬಾ, ಬಿಸಿದೀರು" ಎಂದು ಕಟ್ಟಿದ ಮೂಗಿನಲ್ಲೇ ಅಮ್ಮನನ್ನು ಕೂಗಿ, ಮಿಂದು, ಕಚೇರಿಗೆ ಓಡಿದ.

ಕಚೇರಿಯಲ್ಲಿ ರೇಂಜರ್ ಚಂದ್ರಶೇಖರಯ್ಯನವರು ಇಬ್ಬರು ಉಮೇದುವಾರರನ್ನೂ ಎದುರಿಗೆ ನಿಲ್ಲಿಸಿಕೊಂಡರು. ಇನ್ನೊಬ್ಬ ಬಸವರಾಜು. ಯಾರ ಮನೆಯಲ್ಲಿ ರೊಟ್ಟಿ ಬೇಯುತ್ತಿದೆ, ಯಾರ ಮನೆಯಲ್ಲಿ ಒಗ್ಗರಣೆ ಸೀದಿದೆ ಎಂದು ಬೀದಿಯಲ್ಲಿ ನಿಂತೇ ಹೇಳಬಲ್ಲ ಮೂಗಿನವನು.

"ನೋಡ್ರಯ್ಯಾ, ಮಹಾರಾಜರ ಬೇಟೆ ಕಾಡಲ್ಲಿ ಇನ್ಮೇಲೆ ಕೋವಿ ಹಾರಿಸೋ ಹಂಗಿಲ್ಲ. ಪ್ರಾಣಿಗಳಿಗೇ ಬಿಟ್ಟು ಕಾಯ್ತಾರಂತೆ. ಅಲ್ಲಿಗೆ ಎಳೇ ಹುಡುಗರು ಗಾರ್ಡುಗಳಾಗಿ ಬೇಕಂತೆ. ನಮ್ಮ ಕಚೇರಿಯಿಂದ ಒಬ್ಬ. ನೀವು ಇಬ್ಬರಿದ್ದೀರಿ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

"ಊರಲ್ಲಿ ಪಟ್ಟಿಗೆ ಸೇರದ ಶ್ರೀಗಂಧದ ಮರ ಇನ್ನೂ ಇದೆ ಅಂತ ಹಾಸನದಿಂದ ತಾಕೀತು ಬಂದಿದೆ. ಸಾಯಂಕಾಲದೊಳಗೆ ಯಾರು ಒಂದು ಮರ ಹುಡುಕಿ ನಂಬರು ಹಾಕ್ತಾನೋ ಅವನ ಹೆಸರು ಬರೀತೀನಿ. ಅನುಮಾನ ಬಂದ್ರೆ ಒಣಕೊಂಬೆ ಮುರಿದು ಮೂಸಿ."

ಪಾಲಾಕ್ಷ ಮೂಗು ಒರೆಸಿಕೊಂಡ. ಅವತ್ತು ಸಂಜೆಯ ಬಸ್ಸಿಗೇ ಚನ್ನರಾಯಪಟ್ಟಣದ ಈಶ್ವರಯ್ಯನವರು ಬರುವವರಿದ್ದರು. ಮಗಳು ನೀಲಾಂಬಿಕೆಯನ್ನು ಕೊಡುವುದಕ್ಕೆ ಅವರ ಒಪ್ಪಿಗೆ ಇತ್ತು, ಒಂದು ಷರತ್ತಿನ ಮೇಲೆ: "ಕೆಲಸ ಖಾಯಂ ಆಗಿರ್ಬೇಕು."

ಗಂಧದ ಮರ ಯಾರ ನೆಲದಲ್ಲಿ ಹುಟ್ಟಿದರೂ ಸರ್ಕಾರದ್ದು. ಕಾಯುವ ಹೊಣೆ ಮಾತ್ರ ನೆಲದವನದು. ಅದಕ್ಕೇ ಹಿತ್ತಲಲ್ಲಿ ಗಂಧದ ಸಸಿ ಕಂಡರೆ ಜನಕ್ಕೆ ಹಾವು ಕಂಡಷ್ಟು ಭಯ. ಪಾಲಾಕ್ಷ ಡಾಂಬರಿನ ಡಬ್ಬಿ ಹಿಡಿದು ಬೀದಿಗಿಳಿದದ್ದೇ ತಡ, ಬಾಗಿಲುಗಳು ಪಟಪಟನೆ ಮುಚ್ಚಿಕೊಂಡವು.

ಊರಾಚೆ ಹೊಲದ ಲಕ್ಕಯ್ಯ ತನ್ನ ಮರದ ಬುಡಕ್ಕೆ ಒಂದು ಕಲ್ಲು ನಿಲ್ಲಿಸಿ, ಕುಂಕುಮ ಬಳಿದು, ಕೈಮುಗಿದು ಕೂತಿದ್ದ.

"ಮುಟ್ಬ್ಯಾಡಿ ಸಾ! ಮುನಿಯಪ್ಪ ಅವ್ನೆ. ಮುಟ್ದೋರ್ ಮೂಗ್ನಾಗೆ ರಕ್ತ ಬತ್ತದೆ."

"ಯಾವತ್ತಿಂದ ಅವ್ನೆ?"

"ನೀವು ಕೆರೆ ಏರಿ ಮ್ಯಾಲೆ ಕಾಣಿಸ್ಕಂಡಾಗಿಂದ ಸಾ."

ಮೂಗಿನ ಮಾತು ಬಂದದ್ದರಿಂದ ಪಾಲಾಕ್ಷನಿಗೆ ಧೈರ್ಯ ಸಾಲಲಿಲ್ಲ. ಇದ್ದ ಮೂಗಿನ ಗತಿಯೇ ಹೀಗಿರುವಾಗ ರಕ್ತ ಬೇರೆ ಏಕೆ ಎಂದು ಕೈಮುಗಿದು ಹೊರಟ.

ಮಧ್ಯಾಹ್ನದ ಹೊತ್ತಿಗೆ ಮಲ್ಲಿಗಮ್ಮನ ಬೇಲಿಯೊಳಗೆ ಒಂದು ಮರ ಅವನ ಕಣ್ಣಿಗೆ ಬಿತ್ತು. ಕೊಂಬೆ ಮುರಿದು ಮೂಸಿದ. ಏನೂ ಗೊತ್ತಾಗಲಿಲ್ಲ. ಇನ್ನಷ್ಟು ಜೋರಾಗಿ ಮೂಸಿದ. ಸೀನು ಬಂತು. ಸೀನು ಬಂದದ್ದೇ ವಾಸನೆಗೆ ಸಾಕ್ಷಿ ಎಂದು ತೀರ್ಮಾನಿಸಿ ಕಾಂಡದ ಮೇಲೆ ದಪ್ಪಗೆ ಒಂದನೇ ನಂಬರು ಬರೆದ.

"ಯಾವನ್ಲಾ ಅವ್ನು?" ಮಲ್ಲಿಗಮ್ಮ ಪೊರಕೆಯೊಡನೆ ಬಂದಳು. "ನೇರಳೆ ಮರುಕ್ಕೆ ಮಸಿ ಬಳೀತೀಯಲ್ಲ, ಹಣ್ಣ್ ಕಾಣಾಕಿಲ್ವಾ ಕಣ್ಗೆ?"

ಪಾಲಾಕ್ಷ ತಲೆಯೆತ್ತಿದ. ಕೊಂಬೆ ತುಂಬ ನೇರಳೆ ಹಣ್ಣು. ಒಂದು ಹಣ್ಣು ಅವನ ಹಣೆಯ ಮೇಲೇ ಬಿದ್ದು ಒಡೆಯಿತು. ಮಲ್ಲಿಗಮ್ಮ ಬಿಡಲಿಲ್ಲ. ಬರೆದ ನಂಬರನ್ನು ಅವನೇ ಕುಡುಗೋಲಿನಿಂದ ಹೆರೆಯುವವರೆಗೆ ಪಕ್ಕದಲ್ಲೇ ಪೊರಕೆ ಹಿಡಿದು ನಿಂತಳು. ಮೂರು ಗಂಟೆ ಅಲ್ಲೇ ಕಳೆಯಿತು. ಪಾಪ, ಹಸಿವಿನಿಂದ ಅವನಿಗೆ ಕಣ್ಣು ಕತ್ತಲೆ ಬರುತ್ತಿತ್ತು.

ನೇರಳೆ ಬಣ್ಣದ ಹಣೆ, ಡಾಂಬರಿನ ಅಂಗಿ, ಸುರಿಯುವ ಮೂಗು, ಇಷ್ಟನ್ನೂ ಹೊತ್ತು ಸಂಜೆ ಮನೆ ಸೇರಿದರೆ ಬಾಗಿಲಲ್ಲಿ ಜಾತ್ರೆ. ರೇಂಜರು ನಿಂತಿದ್ದಾರೆ. ಬಸ್ಸಿಳಿದ ಈಶ್ವರಯ್ಯನವರು ಕೊಡೆ ಹಿಡಿದು ಕೂತಿದ್ದಾರೆ. ಅನಸೂಯಮ್ಮ ಎಲ್ಲರಿಗೂ ಒಟ್ಟಿಗೇ ವಿವರಿಸುತ್ತಿದ್ದಾರೆ.

"ಬಸವರಾಜು ನಮ್ ಬೀದೀಲಿ ಹೋಗ್ತಿದ್ನಾ, ಗಕ್ಕಂತ ನಿಂತ್ಬುಟ್ಟ. ಏನಮ್ಮಾ ಇದು ವಾಸ್ನೆ ಅಂದ. ದಾಕ್ಷಾಯಣಮ್ನೋರ ಪೂಜೆ ಕಣಪ್ಪ ಅಂದೆ. ಪೂಜೆ ಬಚ್ಚಲಲ್ಲಿ ಮಾಡ್ತಾರಾ ಅಂದ!"

ಪಾಲಾಕ್ಷ ಹಿತ್ತಲಿಗೆ ಓಡಿದ. ತಾಯಿ ಮೂವತ್ತು ವರ್ಷಗಳಿಂದ ಸೀರೆ ಒಣಹಾಕುತ್ತಿದ್ದ ಮರ. ಬುಡದಲ್ಲಿ ಬಸವರಾಜು. ಕಾಂಡದ ಮೇಲೆ ಹೊಳೆಯುವ ಡಾಂಬರಿನಲ್ಲಿ ಒಂದನೇ ನಂಬರು.

"ಒಣಗಿದ್ ಕೊಂಬೆ ಇವತ್ತೇ ಮೊದಲು ಮುರಿದು ಒಲೆಗಾಕ್ದೆ ಕಣಪ್ಪ," ಎಂದು ತಾಯಿ ಕಣ್ಣೊರೆಸಿಕೊಂಡರು. "ಹೊಗೆಗೆ ಕಣ್ಣುರೀಲಿಲ್ಲ, ಅದಕ್ಕೇ ಇನ್ನೊಂದಿಷ್ಟು ತುರುಕ್ದೆ."

"ಅಂಗೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲಾ ಅಲೆದ್ರಂತೆ," ಎಂದರು ಅನಸೂಯಮ್ಮ. ಆ ಗಾದೆಯನ್ನು ಅವರು ಮಧ್ಯಾಹ್ನದಿಂದ ಬಾಯಲ್ಲೇ ಇಟ್ಟುಕೊಂಡು ಕಾದಿದ್ದರು.

ರೇಂಜರು ಗಂಭೀರವಾಗಿ ಗಂಟಲು ಸರಿಮಾಡಿಕೊಂಡರು. "ಗಂಧದ ಕೊಂಬೆ ಸುಟ್ಟಿದ್ದಕ್ಕೆ ಕೇಸೇ ಹಾಕ್ಬೇಕು. ಎಂಟು ತಿಂಗಳು ನಿಯತ್ತಾಗಿ ದುಡಿದಿದ್ದೀಯ, ಹೋಗ್ಲಿ ಅಂತ ಬಿಟ್ಟಿದ್ದೀನಿ. ಕಾಡಿನ ಕೆಲಸ ಬಸವರಾಜಂಗೆ. ಆದ್ರೆ ನಿನ್ನನ್ನೂ ನಾನು ಕೈಬಿಡಲ್ಲ ಪಾಲಾಕ್ಷ. ಇವತ್ತಿಂದ ಈ ಮರಕ್ಕೆ ನೀನೇ ಗಾರ್ಡು."

ಪಾಲಾಕ್ಷನ ಮುಖ ಅರಳಿತು. "ಖಾಯಮ್ಮಾ ಸಾರ್?"

"ಮರ ಇರೋ ತನಕ ಖಾಯಂ."

"ಸಂಬಳ ಸಾರ್?"

"ನಿನ್ನ ಹಿತ್ತಲ ಮರ ನೀನು ಕಾಯೋದಕ್ಕೆ ಸಂಬಳ ಯಾಕಯ್ಯಾ? ಊರು ಬಿಟ್ಟು ಮಾತ್ರ ಎಲ್ಲೂ ಹೋಗ್ಬೇಡ."

ಈಶ್ವರಯ್ಯನವರು ಕೊಡೆ ಮಡಿಸಿ ಎದ್ದರು. ಖಾಯಂ ಎಂಬ ಮಾತನ್ನು ಅವರೂ ಕೇಳಿದ್ದರು. ಅದರ ಮುಂದಿನದನ್ನೂ ಕೇಳಿದ್ದರು. ಪಾಲಾಕ್ಷನನ್ನು ದಾಟಿ ನೇರ ಬಸವರಾಜುವಿನ ಹತ್ತಿರ ಹೋಗಿ, "ತಮ್ಮಾ, ನಿಮ್ ತಂದೆಯವರು ಮನೇಲಿದ್ದಾರಾ?" ಎಂದು ಕೇಳಿದರು.

ಮರುದಿನ ಬೆಳಿಗ್ಗೆ ಪಾಲಾಕ್ಷನ ಮೂಗು ತಟ್ಟನೆ ಬಿಟ್ಟಿತು. ಹಾಸಿಗೆಯಲ್ಲೇ ಉಸಿರೆಳೆದುಕೊಂಡ. ಆಹಾ, ಎಂಥ ಪರಿಮಳ! ಎರಡನೇ ಉಸಿರಿಗೆ ಧಡಕ್ಕನೆ ಎದ್ದು ಬಚ್ಚಲಿಗೆ ಓಡಿದ.

"ನಿನ್ನೆ ಮುರಿದಿದ್ದೇ ಇನ್ನೆರಡು ಉಳಿದಿತ್ತು ಕಣಪ್ಪ," ಎಂದರು ದಾಕ್ಷಾಯಣಮ್ಮ, ಒಲೆ ಊದುತ್ತ. "ಬೇಗ ಮಿಂದ್ಕೊ. ಇವತ್ತಿಂದ ಡ್ಯೂಟಿ ಅಲ್ವಾ?"